ಅಲ್ಲಾಡದ ಮೋಡದ ಕೆಳಗೆ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಗೆ ಮಾತ್ರ ಬೆಳಗೂ ಇಲ್ಲ, ಬೈಗೂ ಇಲ್ಲ. ವಿಕಿರಣ ಚಿಕಿತ್ಸೆಯ ಕೋಣೆಯ ದಪ್ಪ ಬಾಗಿಲು ನಿದ್ದೆಗಣ್ಣಲ್ಲಿ ಎಂಬಂತೆ ಸರಿಯುತ್ತದೆ. ಒಳಗೆ ಗೋಡೆಯ ಕಪಾಟಿನಲ್ಲಿ ಬಿಳಿ ಬಲೆಯ ಮುಖಗಳು ಸಾಲಾಗಿ ಮಲಗಿವೆ. ಒಂದಕ್ಕೆ ಗಿಣಿಮೂಗು, ಒಂದಕ್ಕೆ ಉಬ್ಬುಗಲ್ಲ. ತಲೆ, ಕುತ್ತಿಗೆಯ ಕ್ಯಾನ್ಸರ್ ಇರುವವರು ಚಿಕಿತ್ಸೆಯ ವೇಳೆ ಕದಲದಿರಲೆಂದು ಅವರವರ ಮುಖಕ್ಕೇ ಒತ್ತಿ ಅಚ್ಚು ತೆಗೆದ ಮಾಸ್ಕುಗಳಿವು. ಟೆಕ್ನಿಷಿಯನ್ ಅಕ್ಕ ಒಂದೊಂದನ್ನೇ ಎತ್ತಿ, ಮಲಗಿದ ಮಗುವಿನ ಮುಖ ಒರೆಸಿದ ಹಾಗೆ ಒರೆಸಿಡುತ್ತಾರೆ. ಆಮೇಲೆ ರೋಗಿಗಳ ಮೇಜಿನ ಮೇಲೆ ತಾವೇ ಎರಡು ನಿಮಿಷ ಅಂಗಾತ ಮಲಗುತ್ತಾರೆ. ಮೇಲೆ ಛಾವಣಿಯಲ್ಲಿ ದೀಪ ಹಾಕಿದ ಆಕಾಶದ ಚಿತ್ರ, ನಡುವೆ ಒಂದು ಮೋಡ.

"ಹನ್ನೊಂದು ವರ್ಷ ಆಯ್ತು, ಒಂದಿಂಚೂ ಕದಲಿಲ್ಲ. ನನ್ ಮಾತು ಸರಿಯಾಗಿ ಕೇಳೋದು ಅದೊಂದೇ ನೋಡಿ!" ಎನ್ನುತ್ತಾರೆ ಮೋಡ ತೋರಿಸಿ.

ಅವರ ಮಾತು ಒಂದೇ: "ಅಲ್ಲಾಡ್ಬೇಡಿ". ಹೊರಗಿನ ಮೈಕಿನಲ್ಲಿ ದಿನಕ್ಕೆ ಅರವತ್ತು ಜನಕ್ಕೆ ಹೇಳುತ್ತಾರೆ. ರೋಗಿಗಳ ಬಾಯಲ್ಲಿ ಹೆಸರೇ 'ಅಲ್ಲಾಡ್ಬೇಡಿ ಅಕ್ಕ' ಎಂದಾಗಿಬಿಟ್ಟಿದೆ. ಮೊನ್ನೆ ಮನೆಯಲ್ಲಿ ಮಗಳಿಗೆ ಜಡೆ ಹಾಕುವಾಗಲೂ ಅದೇ ಬಂತಂತೆ. "ಅಮ್ಮಾ, ನನಗ್ಯಾಕೆ 'ಬೇಡಿ' ಅಂತೀಯಾ, ನಾನೇನು ಪೇಷಂಟಾ?" ಎಂದು ಮಗಳು ಬಿದ್ದು ಬಿದ್ದು ನಕ್ಕಳು. ಅಕ್ಕನಿಗೆ ನಗು ಬರಲಿಲ್ಲ.

ಮೂವರ ಕೆಲಸ ಈಗ ಇಬ್ಬರ ಹೆಗಲ ಮೇಲಿದೆ. ಊಟದ ಡಬ್ಬಿ ಎಷ್ಟೋ ದಿನ ಮುಚ್ಚಳ ತೆಗೆಯದೆ ಮನೆಗೆ ವಾಪಸ್ಸಾಗುತ್ತದೆ. ಚಿಕಿತ್ಸೆಯ ನಡುವೆಯೇ ಬರುವುದನ್ನು ನಿಲ್ಲಿಸಿದವರ ಮಾಸ್ಕುಗಳನ್ನು ಎಸೆಯಲು ಕೈ ಬಾರದು. ಅವು ಕನಸಿಗೆ ಬಂದು, "ನಮ್ಮ ಸರದಿ ಯಾವಾಗ?" ಎಂದು ಕೇಳುತ್ತವೆ.

ಕಳೆದ ತಿಂಗಳು ಒಂದು ಎಡವಟ್ಟಾಯಿತು. ನಿವೃತ್ತ ಬಸ್ ಕಂಡಕ್ಟರರೊಬ್ಬರ ಮುಖಕ್ಕೆ ಅಕ್ಕ ಬೇರೆಯವರ ಮಾಸ್ಕ್ ಹಿಡಿದುಬಿಟ್ಟರು. "ತಾಯಿ, ಈ ಮೂಗು ನಂದಲ್ಲ. ನಂದು ಇಷ್ಟು ಚೆಂದ ಇದ್ದಿದ್ರೆ ನನ್ ಕತೆನೇ ಬೇರೆ ಇರ್ತಿತ್ತು!" ಎಂದರು ಕಂಡಕ್ಟರ್. ಯಂತ್ರ ಇನ್ನೂ ಶುರುವಾಗಿರಲಿಲ್ಲ, ಏನೂ ಆಗಲಿಲ್ಲ. ಅಕ್ಕ ಕೂಡ ನಕ್ಕು, ಸರಿಯಾದ ಮಾಸ್ಕ್ ತಂದು, ಕೆಲಸ ಮುಗಿಸಿದರು. ಆಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ತಪ್ಪನ್ನು ರಿಜಿಸ್ಟರಿನಲ್ಲಿ ತಾವೇ ಬರೆದರು.

"ಇವತ್ತು ಅವರು ಮಾತಾಡಿದ್ರು, ಉಳ್ಕೊಂಡ್ವಿ. ನಾಳೆ ಮಾತಾಡಕ್ಕಾಗದವರು ಮಲಗಿದ್ರೆ?" ಎಂದುಕೊಂಡರು.

ಅವತ್ತೇ ವಿಭಾಗದ ಮುಖ್ಯಸ್ಥರಿಗೆ ಪತ್ರವನ್ನೂ ಬರೆದರು: ಯಂತ್ರದ ಕೆಲಸ ಸಾಕು, ಕಡತಗಳ ವಿಭಾಗಕ್ಕೆ ಹಾಕಿ. ಕಂಡಕ್ಟರರ ಚಿಕಿತ್ಸೆ ಮುಗಿಯುವ ದಿನ ಕೊಡುವುದೆಂದು ಕೋಟಿನ ಜೇಬಿನಲ್ಲಿಟ್ಟುಕೊಂಡರು. ಆ ದಿನ ಇವತ್ತೇ.

"ಮೂಗು ನೋಡ್ಕೊಂಡು ಹಾಕಮ್ಮ," ಎನ್ನುತ್ತಲೇ ಕಂಡಕ್ಟರ್ ಮಲಗುತ್ತಾರೆ. ಅಕ್ಕ ಮಾಸ್ಕಿನ ಮೇಲಿನ ಚೀಟಿಯ ಹೆಸರನ್ನು ಎರಡೆರಡು ಸಲ ಓದುತ್ತಾರೆ. ಬಾಗಿಲು ಸರಿಯುತ್ತದೆ. ಅಲ್ಲಾಡ್ಬೇಡಿ. ಕೆಲವೇ ನಿಮಿಷ, ಮುಗಿಯಿತು. ಕೆನ್ನೆಯ ಮೇಲೆ ಬಲೆಯ ಗುರುತು ಹೊತ್ತು ಎದ್ದು ಕೂತ ಕಂಡಕ್ಟರ್ ಹೊರಡುವುದಿಲ್ಲ.

"ಮೂವತ್ತು ವರ್ಷ 'ಮುಂದೆ ಹೋಗಿ, ಮುಂದೆ ಹೋಗಿ' ಅಂದೆ ತಾಯಿ. ಮನೇಲಿ ಹೆಂಡತಿಗೂ ಅದನ್ನೇ ಅಂದು ಬೈಸ್ಕೊಂಡಿದೀನಿ. ನಿನ್ ಮುಖ ನೋಡಿದ್ರೆ ಗೊತ್ತಾಗುತ್ತೆ, ಸುಸ್ತಾಗಿದೀಯ. ಆದ್ರೆ ಒಂದ್ ಮಾತು. ಈ ಬಲೆಯೊಳಗೆ ಉಸಿರು ಕಟ್ಟಿದಾಗೆಲ್ಲ ನಿನ್ ದನಿ ಹಿಡ್ಕೊಂಡೇ ಮಲಗಿದ್ದೆ."

ಮಧ್ಯಾಹ್ನ ಅಕ್ಕ ಪತ್ರ ಹೊರತೆಗೆಯುತ್ತಾರೆ. ಬರೆದದ್ದನ್ನೆಲ್ಲ ಹೊಡೆದುಹಾಕಿ, ಹಿಂಬದಿಯಲ್ಲಿ ಎರಡೇ ಸಾಲು ಬರೆಯುತ್ತಾರೆ: ಮೂರನೆಯವರೊಬ್ಬರು ಬೇಕೇ ಬೇಕು; ನನಗೆ ಹತ್ತು ದಿನ ರಜೆ ಬೇಕು. ಮೊದಲನೆಯದಕ್ಕೆ ಮುಖ್ಯಸ್ಥರು "ನೋಡೋಣ" ಎನ್ನುತ್ತಾರೆ. "ನೋಡೋಣ ಅಲ್ಲ ಸಾರ್, ರಜಾ ಮುಗಿಸಿ ಬಂದು ದಿನಾ ಕೇಳ್ತೀನಿ," ಎನ್ನುತ್ತಾರೆ ಅಕ್ಕ. ರಜೆಗೆ ಸಹಿ ಬೀಳುತ್ತದೆ.

ರಜೆಯಲ್ಲಿ ಏನು ಮಾಡುತ್ತಾರೆ?

"ಮಗಳನ್ನ ಕರ್ಕೊಂಡು ಮೈದಾನಕ್ಕೆ ಹೋಗಿ ಹುಲ್ಲಿನ ಮೇಲೆ ಮಲಗ್ತೀನಿ. ಮೋಡ ಹೋಗೋದು ನೋಡ್ಬೇಕು. ಅದು ಎಷ್ಟು ಬೇಕಾದ್ರೂ ಅಲ್ಲಾಡ್ಲಿ, ನಾನೇನೂ ಅನ್ನಲ್ಲ."