ಬೊಗಸೆ ಹಣ್ಣಿನ ವಾದ

ಈಚೆಗೆ ‘ಶ್ರಮಿಕ ವರ್ಗ’ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ರೇಗುತ್ತದೆ. ನಾನೇ ಆ ವರ್ಗದವಳಾಗಿರುವುದರಿಂದ ಇದನ್ನು ಹೊರಗೆ ಹೇಳಿಕೊಳ್ಳಲು ಸ್ವಲ್ಪ ಮುಜುಗರ. ಹತ್ತನೆಯ ತರಗತಿ ಪಾಸಾಗಿ, ಬಿಟ್ಟಂಗಾಲದ ಆಚೆ ಒಂದು ಎಸ್ಟೇಟಿನಲ್ಲಿ ಮಳೆಗಾಲಕ್ಕೆ ಕಳೆ ತೆಗೆದು, ಚಳಿ ಮುಗಿಯುವಾಗ ಕಾಫಿ ಕೊಯ್ದು ಬದುಕುವವಳು ನಾನು. ನನ್ನ ಪರವಾಗಿ ಇಷ್ಟೊಂದು ಜನ ಮಾತನಾಡುತ್ತಾರೆಂದು ಮೊದಲು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನೆಮ್ಮದಿ ಹೋಯಿತು.

ವಾದ ನಿಮಗೂ ಗೊತ್ತಿರುವುದೇ. ಓದುವುದಕ್ಕೆ ಮಾಡಿದ ಸಾಲವನ್ನು ಸರ್ಕಾರ ಮನ್ನಾ ಮಾಡಬೇಕೇ, ಬೇಡವೇ? ಮಾಡಬೇಕು ಎನ್ನುವವರು ‘ಬಡವರ ಮಕ್ಕಳು’ ಎನ್ನುತ್ತಾರೆ. ಬೇಡ ಎನ್ನುವವರು ‘ಬಡವರ ಬೆವರು’ ಎನ್ನುತ್ತಾರೆ. ಟೀವಿಯಲ್ಲಿ ಹೀಗೆ ಎರಡು ಕಡೆ ಕೂತು ಕೂಗಾಡುವವರ ಬಟ್ಟೆ ನೋಡಿದರೆ ಬಡವರಿಗೂ ಅವರಿಗೂ ಇರುವ ನಂಟು ಬಹಳ ದೂರದ್ದು, ಮದುವೆಗೆ ಕರೆಯುವಷ್ಟೂ ಹತ್ತಿರದ್ದಲ್ಲ ಎಂದು ತಿಳಿಯುತ್ತದೆ. ಟೀವಿಯನ್ನಾದರೆ ಆರಿಸಬಹುದು. ಬಿಜುವಿನ ಚಹಾ ಅಂಗಡಿಯನ್ನು ಆರಿಸುವುದು ಹೇಗೆ? ಹಾಲಿಗೆ ನಾನು ಅಲ್ಲಿಗೇ ಹೋಗಬೇಕು, ಆ ಮಲಯಾಳಿಯ ಬಾಯಲ್ಲಿ ‘ಚೇಚಿ’, ಅಂದರೆ ಅಕ್ಕ, ಎನಿಸಿಕೊಳ್ಳಬೇಕು.

ಆ ಅಂಗಡಿಯ ಬೆಂಚಿನಲ್ಲಿ ಗೋಡೆಗೆ ತಾಗಿದ ತುದಿ ನಮ್ಮ ಮನೆಯವರದು. ಎಸ್ಟೇಟಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ ಅವರು ದಿನದ ಕೆಲಸ ಮುಗಿದ ಕೂಡಲೇ ಅಲ್ಲಿ ಕೂತು ವಾದಕ್ಕೆ ಇಳಿಯುತ್ತಿದ್ದರು. ಸಾಲ ಮನ್ನಾದ ಮಾತು ಬಂದರಂತೂ ಎಲ್ಲರಿಗಿಂತ ಮೊದಲು ಅವರದೇ ವಿರೋಧ. ‘ಓದಿದವರು ಕಟ್ಟಲಿ. ನನ್ನ ಮಗಳು ಕಟ್ಟುತ್ತಾಳೆ, ನೋಡ್ತಾ ಇರಿ’ ಎನ್ನುತ್ತಿದ್ದರು. ಮಗಳು ರಮ್ಯ ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅದರ ಸಾಲಕ್ಕೆ ಅಪ್ಪ ಮಗಳು ಇಬ್ಬರೂ ಸಹಿ ಹಾಕಿದ್ದಾರೆ. ಅದು ತತ್ವದ ಮಾತಲ್ಲ, ಬರೀ ಹೆಮ್ಮೆ ಎಂದು ನನಗೆ ಗೊತ್ತಿತ್ತು. ಹೆಮ್ಮೆ ಪಡಲು ಅವರಿಗೆ ಬೇರೆ ಹೆಚ್ಚಿನದೇನೂ ಇರಲಿಲ್ಲವಾದ್ದರಿಂದ ಸುಮ್ಮನಿದ್ದೆ.

ಕಳೆದ ಮಳೆಗಾಲದ ಕೊನೆಗೆ ಅವರ ಎದೆಬಡಿತ ನಿಂತುಹೋಯಿತು. ಅವರ ಪ್ಲಾಸ್ಟಿಕ್ ಕೋಟು ಇನ್ನೂ ಬಾಗಿಲ ಹಿಂದಿನ ಮೊಳೆಯಲ್ಲಿದೆ. ಬಾಗಿಲು ಹಾಕಿದಾಗಲೆಲ್ಲ ಸರಕ್ ಎನ್ನುತ್ತದೆ, ನಾನು ತಿರುಗಿ ನೋಡುತ್ತೇನೆ. ತೆಗೆದಿಡು ಎಂದವರಿಗೆ ಹೂಂ ಎಂದಿದ್ದೇನೆ.

ಬಿಜುವಿನ ಬೆಂಚಿನಲ್ಲಿ ಈಗಲೂ ಅವರ ಜಾಗ ಬಿಟ್ಟು ಕೂರುತ್ತಾರೆ. ಮೊದಲ ಸಲ ಅದನ್ನು ಕಂಡಾಗ ನಾನು ಹಾಲಿನ ಪ್ಯಾಕೆಟ್ ಮರೆತು ಮನೆಗೆ ಬಂದಿದ್ದೆ. ಆದರೆ ಜಾಗ ಬಿಟ್ಟವರು ಮಾತು ಬಿಟ್ಟಿಲ್ಲ. ಮನ್ನಾ ಬೇಡ ಎನ್ನಲು ಈಗ ಅವರದೇ ಸಾಕ್ಷಿ. ನಮ್ಮ ಜೊತೆಗೇ ಕೊಯ್ಯುವ, ಮಂಡಿನೋವಿನ ಕುಶಾಲಪ್ಪ ಇದರಲ್ಲಿ ಮುಂದು. ‘ಅಣ್ಣ ಹೇಳ್ತಿದ್ದದ್ದು ಸರಿ’ ಎಂದೇ ಮಾತು ತೆಗೆಯುತ್ತಾನೆ. ಸತ್ತವರಿಗೆ ತಮ್ಮ ಮಾತು ವಾಪಸು ತೆಗೆದುಕೊಳ್ಳುವ ಸೌಕರ್ಯವಿಲ್ಲ ನೋಡಿ.

ರಜೆಗೆ ಬಂದ ರಮ್ಯ ಒಂದು ಬೆಳಿಗ್ಗೆ ಹಾಲಿಗೆ ಹೋದವಳು ಬರಿಗೈಯಲ್ಲಿ ಬಂದಳು.

‘ನಾನು ವಾಪಸ್ ಹೋಗೋದಿಲ್ಲಮ್ಮ. ನಿನ್ನೊಟ್ಟಿಗೆ ಪಿಕ್ಕಿಂಗಿಗೆ ಬರ್ತೇನೆ.’

‘ಎಂತ ಆಯ್ತು ಈಗ?’

‘ಕುಶಾಲ ಚಿಕ್ಕಪ್ಪ ಹೇಳ್ತಾ ಇದ್ರು. ನೆರಳಲ್ಲಿ ಕೂತು ಓದಿದವರ ಸಾಲವನ್ನು ಬಿಸಿಲಲ್ಲಿ ದುಡಿಯುವವ ಯಾಕೆ ತೀರಿಸಬೇಕು ಅಂತ. ಸರಿ ಅಲ್ವಾ? ಅಪ್ಪನೂ ಅದೇ ಹೇಳ್ತಿದ್ರಲ್ಲ.’

ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ವಿಂಗಡಿಸಲು ಆಗಲಿಲ್ಲ. ಕುಶಾಲಪ್ಪನ ಮೇಲೆ, ಟೀವಿಯವರ ಮೇಲೆ, ಹೇಳುವುದನ್ನೆಲ್ಲ ಹೇಳಿ ಹೊರಟುಹೋದವರ ಮೇಲೆ. ದುಡಿಯುವವರು ಒಂದು ಕಡೆ, ಓದಿದವರು ಇನ್ನೊಂದು ಕಡೆ ಎಂದು ಇವರೆಲ್ಲ ಗೆರೆ ಎಳೆಯುತ್ತಾರಲ್ಲ, ಆ ಗೆರೆ ಸರಿಯಾಗಿ ನಮ್ಮ ಅಡುಗೆಮನೆಯ ನಡುವೆ ಹಾದುಹೋಗುತ್ತದೆ. ಒಲೆಯ ಈಚೆ ನಾನು ಶ್ರಮಿಕ ವರ್ಗ. ಆಚೆ ತೆಂಗಿನಕಾಯಿ ತುರಿಯುತ್ತಾ ಕೂತವಳು ನನ್ನ ಬೆವರು ತಿನ್ನುವ ವಿದ್ಯಾವಂತೆ. ಇಬ್ಬರಿಗೂ ಸಾರು ಒಂದೇ ಪಾತ್ರೆಯಲ್ಲಿ.

ಬಾ ಎಂದೆ, ಮಾರನೆಯ ದಿನ ಕರೆದುಕೊಂಡು ಹೋದೆ. ವಾದ ಮಾಡಿ ಅವಳನ್ನು ಗೆಲ್ಲುವ ವಿದ್ಯೆ ನನಗಿಲ್ಲ. ಆ ಕೆಲಸ ಬಿಸಿಲೇ ಮಾಡುತ್ತದೆ ಎಂದುಕೊಂಡೆ.

ನಮ್ಮಲ್ಲಿ ಕೊಯ್ಲಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ಸಂಜೆ ಎಲ್ಲರೂ ತಮ್ಮ ಗೋಣಿಚೀಲ ತಂದು ಕಣದಲ್ಲಿ ಸಾಲಾಗಿ ಇಡುತ್ತೇವೆ, ಲೆಕ್ಕ ಬರೆಯುವ ರೈಟರು ಒಂದೊಂದನ್ನೇ ತೂಗುತ್ತಾರೆ. ಆ ಸಾಲಿನಲ್ಲಿ ಒಂದು ಪದ್ಧತಿ ಉಂಟು. ಹುಷಾರಿಲ್ಲದವಳು, ಬಸುರಿ, ಮನೆಯಲ್ಲಿ ಸಾವಾದವಳು, ಯಾರದ್ದಾದರೂ ಚೀಲ ಸೊರಗಿದ್ದರೆ ಉಳಿದವರು ದಾಟಿ ಹೋಗುವಾಗ ತಮ್ಮದರಿಂದ ಒಂದು ಬೊಗಸೆ ಹಣ್ಣು ಅದಕ್ಕೆ ಸುರಿಯುತ್ತಾರೆ. ಕೊಟ್ಟವರು ಹೇಳುವುದಿಲ್ಲ, ಪಡೆದವರು ಥ್ಯಾಂಕ್ಸ್ ಅನ್ನುವುದಿಲ್ಲ. ಒಟ್ಟು ತೂಕ ಬದಲಾಗುವುದಿಲ್ಲವಾದ್ದರಿಂದ ಆ ಹೊತ್ತಿಗೆ ರೈಟರಿಗೆ ಆಕಾಶದಲ್ಲಿ ಏನೋ ಕಾಣುತ್ತದೆ. ಮನ್ನಾ ಬೇಡ ಎನ್ನುತ್ತಿದ್ದ ನಮ್ಮವರು ದೂರದ ತೋಟದ ಚೀಲಗಳನ್ನು ಟ್ರ್ಯಾಕ್ಟರಿನಲ್ಲಿ ತರುವಾಗ ನನ್ನ ಚೀಲದಿಂದಲೇ ಎಷ್ಟು ಬೊಗಸೆ ದಾನ ಮಾಡಿದ್ದಾರೋ! ಅವರ ಬಾಯಿ ಒಂದು ಪಕ್ಷ, ಕೈ ಇನ್ನೊಂದು ಪಕ್ಷ.

ರಮ್ಯಳ ಚೀಲ ಆ ಸಂಜೆ ಗೋಡೆಗೆ ಒರಗಿಸಿದರೂ ನಿಲ್ಲುತ್ತಿರಲಿಲ್ಲ. ಬೆರಳೆಲ್ಲ ಗೀರು, ಕುತ್ತಿಗೆಯಲ್ಲಿ ಕೆಂಪಿರುವೆ ಕಚ್ಚಿದ ಬೊಕ್ಕೆ. ಮೊದಲು ಯಾರೋ ಒಬ್ಬಳು ಸುರಿದಳು. ಆಮೇಲೆ ಇನ್ನೊಬ್ಬಳು. ಮೂರನೆಯವನಾಗಿ ಕುಂಟುತ್ತಾ ಬಂದವನು ಕುಶಾಲಪ್ಪ. ಅವನದು ಬೊಗಸೆಯಲ್ಲ, ಮೊರ. ಸುರಿಯುವಾಗಲೂ ಬಾಯಿಗೆ ಬಿಡುವಿಲ್ಲ.

‘ಇದನ್ನು ಕೊಯ್ಲು ಅಂತಾರಾ? ಮಂಗ ಇದಕ್ಕಿಂತ ಚಂದ ಕೊಯ್ತದೆ. ಅತ್ತಿಗೆ, ಇವಳನ್ನು ಬೇಗ ಬಸ್ ಹತ್ತಿಸಿ. ಎರಡು ದಿನ ಇದ್ರೆ ಗಿಡ ಒಂದೂ ಉಳಿಯೋದಿಲ್ಲ.’

‘ನಿಮ್ಮ ಬೆವರು ಚಿಕ್ಕಪ್ಪ, ನನಗ್ಯಾಕೆ?’ ಎಂದಳು ರಮ್ಯ. ಅವಳಿಗೂ ಅಪ್ಪನದೇ ನಾಲಿಗೆ.

ಕುಶಾಲಪ್ಪ ಮೊರವನ್ನು ಚೀಲದ ಬಾಯಿಗೆ ತಟ್ಟಿ ಖಾಲಿ ಮಾಡಿದ. ‘ಅದು ಬೇರೆ, ಇದು ಬೇರೆ. ನೀನು ಓದಿ ಮುಗಿಸಿ ಬಾ. ಬಂದವಳು ಮೊದಲು ನನ್ನ ಮಂಡಿ ನೋಡಬೇಕು. ಊರಿನವರದ್ದೆಲ್ಲ ಆಮೇಲೆ.’

‘ನಾನು ನರ್ಸ್ ಆಗೋದು, ಡಾಕ್ಟರಲ್ಲ.’

‘ನರ್ಸೇ ಸಾಕು. ಡಾಕ್ಟರಿಗೆ ಮಂಡಿ ತೋರಿಸಿದ್ರೆ ಅವರು ಚೀಟಿ ನೋಡ್ತಾರೆ.’

ಅದು ಬೇರೆ, ಇದು ಬೇರೆ ಎಂಬುದು ನನಗೂ ಗೊತ್ತು. ಸರ್ಕಾರದ ಖಜಾನೆ ಗೋಣಿಚೀಲವಲ್ಲ. ಯಾರ ಮುಖವೂ ಕಾಣದ ಸಾಲಿನಲ್ಲಿ ಬೊಗಸೆ ಸುರಿ ಎಂದರೆ ಕೈ ಹಿಂದೆ ಸರಿಯುವುದು ಸಹಜ. ಮನ್ನಾ ಆಗದಿದ್ದರೆ ಕಟ್ಟುತ್ತೇವೆ, ಆದರೆ ಬೇಡ ಎನ್ನುವುದಿಲ್ಲ. ನನ್ನ ತಕರಾರು ಇಷ್ಟೇ. ವಾದ ಮಾಡುವವರು ಮಾಡಲಿ, ಮಕ್ಕಳ ಕಿವಿಗೆ ನಾಚಿಕೆ ತುಂಬದಿರಲಿ.

ರಮ್ಯ ಆ ವಾರವೇ ಬಸ್ ಹತ್ತಿದಳು. ಅವಳನ್ನು ಕಳಿಸಿ ವಾಪಸು ಬರುವಾಗ ಬಿಜುವಿನ ಅಂಗಡಿಯಲ್ಲಿ ವಾದ ಜೋರಾಗಿತ್ತು. ನಾನು ಹಾಲು ಕೇಳಲಿಲ್ಲ. ಒಳಗೆ ಹೋಗಿ, ಬೆಂಚಿನಲ್ಲಿ ಖಾಲಿ ಬಿಟ್ಟ ಜಾಗದಲ್ಲಿ ಕೂತೆ. ಗೋಡೆಯ ಸುಣ್ಣದಲ್ಲಿ ಅವರ ತಲೆಯೆಣ್ಣೆಯ ಗುರುತು ಹಾಗೇ ಇತ್ತು. ಕುಶಾಲಪ್ಪ ಮಾತು ಅಲ್ಲೇ ಬಿಟ್ಟು, ಮಂಡಿ ಎಳೆದುಕೊಂಡು ಸರಿದು ಕೂತ.

‘ಎಂತ ಬೇಕು ಚೇಚಿ?’ ಎಂದ ಬಿಜು, ಮೆಲ್ಲಗೆ.

‘ಶ್ರಮಿಕ ವರ್ಗಕ್ಕೆ ಒಂದು ಚಾ’ ಎಂದೆ. ‘ಸಕ್ಕರೆ ಕಮ್ಮಿ. ನೀವು ಮಾತಾಡಿ ಕುಶಾಲಣ್ಣ, ನಾನೂ ಕೇಳ್ತೇನೆ. ನನಗೆ ಎಂತ ಬೇಕು ಅಂತ ಹೇಳ್ತಿದ್ರಲ್ಲ?’