ದಕ್ಷಿಣದ ಕಿಟಕಿ

ಆಸ್ಟ್ರೇಲಿಯಾದಲ್ಲಿ ನಾವು ಕೊಂಡ ಮನೆಯನ್ನು ನಾನು ಮೊದಲು ನೋಡಿದ್ದು ಬಸವನಗುಡಿಯ ಬಾಡಿಗೆ ಮನೆಯಲ್ಲಿ, ಅಡುಗೆಕಟ್ಟೆಯ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ. ಬೆಳಿಗ್ಗೆ ಐದೂವರೆ. ಒಲೆಯ ಮೇಲೆ ಹಾಲು ಕಾಯುತ್ತಿತ್ತು. ಅಲ್ಲಿ, ಮನೆ ಮಾರಿಸುವ ಏಜೆಂಟ್ ಹೆಂಗಸು ಕೋಣೆಯಿಂದ ಕೋಣೆಗೆ ನಡೆಯುತ್ತ ತೋರಿಸುತ್ತಿದ್ದಳು. ಹೋಗಿ ನೋಡದೆ ಯಾರಾದರೂ ಮನೆ ತಗೊಳ್ತಾರಾ ಎಂದವರಿಗೆಲ್ಲ ನನ್ನದು ಒಂದೇ ಉತ್ತರ: ನಾನು ತಗೊಳ್ತೀನಿ.

ಕಾರಣವಿತ್ತು. ನಾನು ನರ್ಸು, ಚಾಮರಾಜಪೇಟೆಯ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷ ದುಡಿದವಳು. ನನ್ನ ಕೆಲಸದ ಮೇಲೆ ನನಗೂ ನನ್ನ ಗಂಡನಿಗೂ ಅಲ್ಲಿ ಖಾಯಂ ಇರಲು ವೀಸಾ ಸಿಕ್ಕಿತ್ತು. ಮಕ್ಕಳಿಲ್ಲ, ನಾವಿಬ್ಬರೇ. ಮದುವೆಯಾದ ಮೇಲೆ ಏಳು ಬಾಡಿಗೆ ಮನೆ ಕಂಡಿದ್ದೆವು. ವೈಯಾಲಿಕಾವಲ್‌ನ ಓನರಮ್ಮ ಗೋಡೆಗೆ ಒಂದು ಮೊಳೆ ಹೊಡೆಯಲೂ ಬಿಡಲಿಲ್ಲ. ಮಲ್ಲೇಶ್ವರದ ಓನರ್ರು ನಮ್ಮ ಮನೆಗೆ ನೆಂಟರು ಬಂದರೆ ಗೇಟಿನ ಹತ್ತಿರ ನಿಂತು ತಲೆ ಎಣಿಸುತ್ತಿದ್ದರು, ಪುಣ್ಯಾತ್ಮ. ಸಮುದ್ರ ದಾಟಿ ಹೋಗಿಯೂ ಇನ್ನೊಬ್ಬ ಓನರ್ರಿನ ಮುಂದೆ ಕೈಕಟ್ಟಿ ನಿಲ್ಲುವುದು ನನ್ನಿಂದಾಗದ ಮಾತಾಗಿತ್ತು. ಅಮ್ಮ ನನ್ನ ಹೆಸರಿಗೆ ಬಿಟ್ಟುಹೋಗಿದ್ದ ಸೈಟನ್ನು ಮಾರಿದ್ದೆ. ವಿಮಾನ ಹತ್ತುವ ಮೊದಲೇ ಸ್ವಂತ ಮನೆಯ ಬೀಗದ ಕೈ ನನ್ನದಾಗಿರಬೇಕು ಎಂದು ಹಠ ಹಿಡಿದೆ.

ನನ್ನ ಗಂಡ ಗಡಿಯಾರ ರಿಪೇರಿ ಮಾಡುವವರು. ಅವೆನ್ಯೂ ರಸ್ತೆಯ ಪಕ್ಕದ ಸಂದಿಯಲ್ಲಿ ಅವರ ಅಂಗಡಿ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ, ಆದರೆ ದಕ್ಷಿಣಕ್ಕೆ ತೆರೆದ ಅಂಗಡಿಯಾದ್ದರಿಂದ ವರ್ಷದ ಬಹುಪಾಲು ಬೆಳಕು ನೇರ ಮೇಜಿನ ಮೇಲೇ ಬೀಳುತ್ತಿತ್ತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಳ್ಳಿಗಿಂತ ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಎತ್ತುವ ಕೆಲಸ ಅವರದು. ಮೋಡ ಮುಚ್ಚಿದ ದಿನ ದೀಪ ಹಾಕಿಕೊಂಡು ಕೂತರೆ ಸಂಜೆಗೆ ಕಣ್ಣು ಕೆಂಪಗಾಗಿ, ತಲೆ ಹಿಡಿದುಕೊಂಡು ಮನೆಗೆ ಬರುತ್ತಿದ್ದರು. ನನ್ನ ಕೆಲಸಕ್ಕಾಗಿ ಆ ಅಂಗಡಿ ಮುಚ್ಚಲು ಒಪ್ಪಿದ ಮನುಷ್ಯ ನನ್ನಲ್ಲಿ ಕೇಳಿದ್ದು ಒಂದೇ.

“ನಂಗೊಂದು ಬೆಳಕಿರೋ ಕಿಟಕಿ ನೋಡು. ಟೇಬಲ್ ಹಾಕ್ಕೊಂಡು ಕೂತ್ಕೋತೀನಿ. ಕೆಲಸ ಇಲ್ದೆ ಕೂತ್ರೆ ಹುಚ್ಚು ಹಿಡಿಯತ್ತೆ ಕಣೇ ನಂಗೆ.”

ಒಂದೇ ಒಂದು ಸಲ, “ಮೊದ್ಲು ಹೋಗಿ, ಬಾಡಿಗೆಗಿದ್ದು, ಕಣ್ಣಾರೆ ನೋಡಿ ತಗೊಳೋಣ” ಎಂದೂ ಅಂದರು. ನಾನು ಉರಿದುಬಿದ್ದೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ನನ್ನ ಇನ್ನೊಂದು ಹಠ ವಾಸ್ತು. ನಗುವವರು ನಗಲಿ. ಈಶಾನ್ಯ ಮೂಲೆಯಲ್ಲಿ, ದೇವರಿರಬೇಕಾದ ಜಾಗದಲ್ಲಿ, ಟಾಯ್ಲೆಟ್ ಕಟ್ಟಿಸಿದ್ದ ಬಾಡಿಗೆ ಮನೆಯಲ್ಲಿ ನನಗೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿಗೆ ಅದರ ಕಾರಣ ಬೇರೆಯೆಂದು ಗೊತ್ತಿಲ್ಲದೆ ಇಲ್ಲ. ಆದರೂ ಅಲ್ಲಿಂದ ಮುಂದೆ ಎಲ್ಲಿ ಮನೆ ನೋಡಿದರೂ ನಾನು ಮೊದಲು ನೋಡುವುದು ಆ ಮೂಲೆಯನ್ನೇ.

ಬಾಗಿಲಲ್ಲಿ ನಿಂತು ದಿಕ್ಕು ತೋರಿಸಿ ಎಂದರೆ ಏಜೆಂಟ್ ಹೆಂಗಸು ಇನ್ನೊಂದು ಫೋನಿನಲ್ಲಿ ದಿಕ್ಸೂಚಿ ತೆರೆದು ಹಿಡಿದಳು. ನಿಮ್ಮ ದೇಶದವರೆಲ್ಲ ಕೇಳುವುದು ಇದನ್ನೇ ಎಂದು ನಕ್ಕಳು. ಬಾಗಿಲು ಪೂರ್ವಕ್ಕೆ. ಅಡುಗೆಮನೆ ಆಗ್ನೇಯಕ್ಕೆ. ಈಶಾನ್ಯದಲ್ಲಿ ಪುಟ್ಟದೊಂದು ಕೋಣೆ, ದೇವರಿಗೆಂದೇ ಕಟ್ಟಿದ ಹಾಗೆ. ಇನ್ನು ದಕ್ಷಿಣಕ್ಕೆ ಗೋಡೆಯಗಲ ಕಿಟಕಿಯ ದೊಡ್ಡ ರೂಮು. ಅಲ್ಲಿ ಅವತ್ತು ಮೋಡ, ಮನೆಯ ದೀಪಗಳನ್ನೆಲ್ಲ ಹಾಕಿದ್ದಳು. ಈ ರೂಮು ಬೇಸಿಗೆಯಲ್ಲೂ ತಣ್ಣಗಿರುತ್ತದೆ ಎಂದಳು. ನಾನು ಹಿಗ್ಗಿಹೋದೆ.

“ನೋಡ್ರೀ, ನಿಮ್ಮಂಗಡಿ ಥರಾನೇ, ದಕ್ಷಿಣದ ಕಿಟಕಿ! ಇನ್ನೇನ್ರೀ ಬೇಕು?”

ಅವರು ಬಗ್ಗಿ ನೋಡಿ, ಟೇಬಲ್ ಹಿಡಿಯತ್ತೆ ಎಂದರು. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಚೆಲ್ಲಿತು. ಶುಭಶಕುನ ಎಂದುಕೊಂಡೆ.

ಮುಂಗಡ ಕೊಟ್ಟ ಮೇಲೂ ಮನಸ್ಸು ಬದಲಾದರೆ ಹಿಂದೆ ಸರಿಯಲು ಅಲ್ಲಿ ಕೆಲವು ದಿನದ ಅವಕಾಶವಿರುತ್ತದೆ. ನನ್ನ ಮನಸ್ಸು ಬದಲಾಗುವ ಪ್ರಶ್ನೆಯೇ ಇರಲಿಲ್ಲ. ಆ ದಿನಗಳು ಕಳೆದವು, ಪತ್ರವಾಯಿತು. ವಿಶ್ವೇಶ್ವರಪುರಂನಿಂದ ಹೋಳಿಗೆ ತಂದು ವಾರ್ಡಿಗೆಲ್ಲ ಹಂಚಿದೆ.

ಹೊರಡಲು ಎರಡು ವಾರ ಇರುವಾಗ ಮೇಷ್ಟ್ರೊಬ್ಬರು ಮನೆಗೆ ಬಂದರು. ಭೂಗೋಳ ಪಾಠ ಮಾಡಿ ನಿವೃತ್ತರಾದವರು, ನನ್ನ ಗಂಡನ ಹಳೆಯ ಗಿರಾಕಿ. ಅಂಗಡಿ ಮುಚ್ಚಿದ್ದರಿಂದ ರಿಪೇರಿಗೆ ಕೊಟ್ಟಿದ್ದ ಗೋಡೆ ಗಡಿಯಾರವನ್ನು ಮನೆಯಿಂದಲೇ ಒಯ್ಯಲು ಬಂದಿದ್ದರು. ನನ್ನ ಗಂಡ ಇನ್ಯಾರದೋ ವಾಚು ಮುಟ್ಟಿಸಲು ಹೊರಗೆ ಹೋಗಿದ್ದರು. ಕಾಫಿ ಕೊಟ್ಟು, ಸುಮ್ಮನಿರಲಾರದೆ ಹೊಸ ಮನೆಯ ವರ್ಣನೆ ಶುರು ಮಾಡಿದೆ. ದಕ್ಷಿಣದ ಕಿಟಕಿಯ ಮಾತು ಬಂದಿದ್ದೇ ಮೇಷ್ಟ್ರು ಲೋಟ ಕೆಳಗಿಟ್ಟರು.

“ಅಯ್ಯೋ, ಅದೇ ಮನೆ ತಗೊಂಡ್ಬಿಟ್ರಾ? ಆ ಕಡೆ ದೇಶದಲ್ಲಿ ಸೂರ್ಯ ಉತ್ತರಕ್ಕೆ ವಾಲ್ಕೊಂಡು ಹೋಗ್ತಾನಲ್ಲಮ್ಮಾ. ದಕ್ಷಿಣದ ರೂಮಿಗೆ ಬಿಸಿಲೇ ಬರಲ್ಲ, ಚಳಿಗಾಲದಲ್ಲಂತೂ ಕತ್ತಲೆ. ನಿಮ್ಮ ಯಜಮಾನ್ರಿಗೆ ಅವತ್ತೇ ಅಂಗಡೀಲಿ ಹೇಳಿದ್ನಲ್ಲ? ಬಿಡೋದಾದ್ರೆ ಇನ್ನೂ ಎರಡು ದಿನ ಟೈಮಿದೆ ಅಂದಿದ್ರು.”

ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅಂತಾರಲ್ಲ, ಆ ಎಡವಟ್ಟು ನಾನೇ. ಅಲ್ಲಿ ಡಿಸೆಂಬರಿನಲ್ಲಿ ಬೇಸಿಗೆ ಎಂದು ಗೊತ್ತಿತ್ತು, ಸ್ವೆಟರು ಯಾವಾಗ ಬೇಕು ಎಂದು ಲೆಕ್ಕ ಹಾಕಿದ್ದೆ. ಸೂರ್ಯ ಯಾವ ಕಡೆ ಇರುತ್ತಾನೆ ಎಂದು ಯೋಚಿಸಿರಲೇ ಇಲ್ಲ. ಇಲ್ಲಿಯ ದಕ್ಷಿಣವೇ ಅಲ್ಲಿಯ ದಕ್ಷಿಣ ಎಂದುಕೊಂಡಿದ್ದೆ.

ಮೇಷ್ಟ್ರು ಹೋದ ಮೇಲೆ, ನನ್ನ ಗಂಡ ಬಂದು ಚಪ್ಪಲಿ ಬಿಡುವಷ್ಟೂ ತಡೆಯಲಿಲ್ಲ ನಾನು.

“ಗೊತ್ತಿದ್ದೂ ಯಾಕ್ರೀ ಹೇಳ್ಲಿಲ್ಲ? ಬಾಯಿಗೇನು ಬೀಗ ಹಾಕಿತ್ತಾ?”

ಮೇಷ್ಟ್ರು ಬಂದಿದ್ದರೆಂದು ಅವರಿಗೆ ಅರ್ಥವಾಯಿತು. ಕಾಲು ತೊಳೆದು ಬಂದು ಕೂತರು.

“ಹೇಳೋಣ ಅಂತ್ಲೇ ಬಂದೆ ಅವತ್ತು. ನೀನು ದೇವರ ಫೋಟೋಗಳನ್ನೆಲ್ಲ ಇಳಿಸಿ ಆ ಪುಟ್ಟ ರೂಮಿಗೆ ಅಂತ ಅಳತೆ ತಗೋತಿದ್ದೆ. ಏನೋ ಹಾಡು ಗುನುಗ್ತಿದ್ದೆ. ನೀನು ಹಾಡಿದ್ದು ಕೇಳಿ ಎಷ್ಟು ವರ್ಷ ಆಗಿತ್ತು ಹೇಳು? ನಾನು ಬಾಯಿ ಬಿಟ್ಟಿದ್ರೆ ನೀನು ಆ ಮನೆ ಕೈಬಿಡ್ತಿದ್ದೆ. ಸುಮ್ನಾದೆ.”

“ಮತ್ತೆ ನಿಮ್ಮ ಕೆಲಸ?”

“ಲೈಟ್ ಹಾಕ್ಕೊಂಡು ನೋಡೋದು. ಆಗ್ಲಿಲ್ಲ ಅಂದ್ರೆ ಬಿಡೋದು.”

ಬಿಡೋದು ಎನ್ನುವುದನ್ನು ತರಕಾರಿ ಬೇಡ ಎನ್ನುವಷ್ಟು ಸಲೀಸಾಗಿ ಹೇಳಿದರು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅವರ ಮೇಲೆ ಸಿಟ್ಟೂ ಇಳಿದಿರಲಿಲ್ಲ.

ಮಾರನೆಯ ದಿನ ತಿಂಡಿಯ ತಟ್ಟೆಗಳನ್ನು ಸರಿಸಿ ಮನೆಯ ನಕ್ಷೆಯನ್ನು ಅವರ ಮುಂದೆ ಹಾಸಿದೆ. ಉತ್ತರಕ್ಕೂ ಪೂರ್ವಕ್ಕೂ ಕಿಟಕಿಯಿದ್ದ ಕೋಣೆ ಅದರಲ್ಲಿ ಒಂದೇ. ಅದರ ಮೇಲೆ ಬೆರಳಿಟ್ಟೆ.

“ನಿಮ್ಮ ಟೇಬಲ್ ಇಲ್ಲಿ.”

ಅವರು ನಕ್ಷೆ ನೋಡಲಿಲ್ಲ, ನನ್ನ ಮುಖ ನೋಡಿದರು. “ಅದು ಈಶಾನ್ಯ ಕಣೇ. ಬೇಡ. ಬೇರೆ ಯಾವ ಮೂಲೆಯಾದ್ರೂ ಸರಿ, ಅದು ಬೇಡ. ಆಮೇಲೆ ನೀನು ಒಬ್ಳೇ ಕೂತು ಕೊರಗ್ತೀಯ.”

ಆ ಎರಡು ಸಲವೂ ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತು ಕಾದವರು ಅವರೇ.

“ದೇವರಿಗೆ ನಾನಿದೀನಿ ರೀ, ಕತ್ತಲೆ ರೂಮಾದ್ರೂ ದೀಪ ಹಚ್ತೀನಿ,” ಎಂದೆ. “ನಿಮಗೆ ಬಿಸಿಲು ನಾನೆಲ್ಲಿಂದ ತರ್ಲಿ?”