ಒಬ್ಬ ಗಂಡಸನ್ನು ಕೇಳಲು ರಾಲಿಗೆ

ಅಕ್ಟೋಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಫೇರ್‌ಫ್ಯಾಕ್ಸ್ ಬಿಟ್ಟೆವು. ರಾತ್ರಿ ಮಂಜು ಬಿದ್ದಿತ್ತು, ಗಾಜು ಒರೆಸಿಯೇ ಕಾರು ತೆಗೆಯಬೇಕಾಯಿತು. ಪಕ್ಕದಲ್ಲಿ ಕೂತವಳು ನಸೀಮಾ. ಕಾಬೂಲ್ ಬಿದ್ದ ವರ್ಷ ಗಂಡನ ಜೊತೆ ಬಂದು, ನಮ್ಮ ಟೌನ್‌ಹೌಸ್ ಸಾಲಿನಲ್ಲೇ ಮನೆ ಮಾಡಿದವಳು. ನಮ್ಮದು ಹಿಂದಿ, ಇಂಗ್ಲಿಷ್ ಬೆರೆತ ಮಾತು. ಅವಳ ಗಂಡನಿಗೆ ವಾರಾಂತ್ಯದಲ್ಲೂ ಕೆಲಸ, ಅವಳಿಗೆ ಡ್ರೈವಿಂಗ್ ಬಾರದು. ಹಾಗಾಗಿ ನಾನು ಹೊರಟೆ.

ಹೋಗಿದ್ದು ಅವಳ ಅಕ್ಕ ಜಮೀಲಾಗಾಗಿ. ಹೆರಾತ್ ಕಡೆಯ ಸಣ್ಣ ಊರಲ್ಲಿರುವ ವಿಧವೆ. ಎದೆಯಲ್ಲಿ ಗಂಟಾಗಿದೆ, ಕಾಬೂಲಿಗೆ ಹೋಗಿ ತೋರಿಸಲೇಬೇಕು ಎಂದಿದ್ದಾರೆ ಅಲ್ಲಿನ ಡಾಕ್ಟರು. ಆದರೆ ಹೆಂಗಸು ಅಷ್ಟು ದೂರ ಒಬ್ಬಳೇ ಹೋಗುವಂತಿಲ್ಲ ಎಂಬುದು ಆಳುವವರ ಅಪ್ಪಣೆ. ಜೊತೆಗೆ ಮಹ್ರಮ್ ಇರಬೇಕು. ಎಂದರೆ ಗಂಡ, ಅಪ್ಪ, ಅಣ್ಣತಮ್ಮ, ಬೆಳೆದ ಮಗ, ಇಂಥ ತೀರ ಹತ್ತಿರದ ಗಂಡಸು. ಜಮೀಲಾಗೆ ಅಂಥವರು ಒಬ್ಬರೂ ಉಳಿದಿಲ್ಲ. ಇರುವುದು ಹದಿನೈದರ ಮಗಳು ಫರೀಬಾ. ಆರನೇ ಕ್ಲಾಸಿಗೆ ಶಾಲೆ ಬಿಡಿಸಿದ ಮೇಲೆ ಅವಳೂ ಮನೆಯಲ್ಲೇ. ತಾಯಿ ಮಗಳಿಬ್ಬರನ್ನೂ ಎರಡು ಸಲ ಬಸ್ಸಿನಿಂದ ಇಳಿಸಿ ಕಳಿಸಿದ್ದರು.

ಜಮೀಲಾಳ ತೀರಿಕೊಂಡ ಗಂಡನ ಕಾಕಾ ನಮ್ಮಿಂದ ನಾಲ್ಕು ತಾಸು ದೂರದ ರಾಲಿ ಊರಲ್ಲಿದ್ದಾರೆ. ನಮ್ಮ ಧಾರವಾಡದ ಹಾಗೆ ಅವರಲ್ಲೂ ಚಿಕ್ಕಪ್ಪನಿಗೆ ಕಾಕಾ. ಅವರ ತಂಗಿಯ ಮಗ ಹೆರಾತ್‌ನಲ್ಲಿದ್ದಾನೆ, ಕಾರೂ ಇದೆ. ಕಾಕಾ ಒಂದು ಮಾತು ಹೇಳಿದರೆ ಅವನು ತಾನೇ ಅಣ್ಣನೆಂದು ಹೇಳಿಕೊಂಡು ಕರೆದುಕೊಂಡು ಹೋದಾನು ಎಂಬುದು ನಸೀಮಾಳ ಆಸೆ.

ಫ್ರೆಡ್ರಿಕ್ಸ್‌ಬರ್ಗ್ ದಾಟುವವರೆಗೂ ಟ್ರಾಫಿಕ್ಕು. ರಿಚ್ಮಂಡ್ ಹತ್ತಿರ ಚಪಾತಿ, ಶೇಂಗಾ ಚಟ್ನಿ ತಿಂದೆವು. ನಮ್ಮವರು ಫೋನ್ ಮಾಡಿದರು.

"ಎಲ್ಲಿಗೆ ಬಂದ್ರಿ? ಜಿಪಿಎಸ್ ಹೇಳಿದ್ದು ಕೇಳು. ನಿನ್ನ ತಲಿ ಓಡಿಸಬ್ಯಾಡ."

"ನಿಮ್ಮ ತಲಿ ಓಡಿಸಿದ್ದಕ್ಕ ಹೋದ ವರ್ಷ ಬಾಲ್ಟಿಮೋರ್ ನೋಡಿ ಬಂದ್ವಿ" ಎಂದು ಇಟ್ಟೆ.

"ನಿನ್ನನ್ನು ಒಬ್ಬಳೇ ಬಿಟ್ಟರಲ್ಲ" ಎಂದಳು ನಸೀಮಾ.

"ಬಿಡೋದೇನು, ನಾನಿಲ್ಲ ಅಂದರೆ ಅವರಿಗೆ ದಿನವೆಲ್ಲ ಕ್ರಿಕೆಟ್."

ಅವಳು ನಕ್ಕಳು. ಆ ದಿನ ಅವಳು ನಕ್ಕಿದ್ದು ಅದೊಂದೇ ಸಲ.

ಪೀಟರ್ಸ್‌ಬರ್ಗ್ ಆದಮೇಲೆ ಪೈನ್ ಮರಗಳು ಬಿಟ್ಟರೆ ಏನಿಲ್ಲ. ರಾಲಿ ಮುಟ್ಟಿದಾಗ ಹನ್ನೊಂದೂವರೆ, ಬಿಸಿಲು ಚುರುಕಾಗಿತ್ತು. ಕಾಕಾ ಬಾಗಿಲಿಗೇ ಬಂದು ಕರೆದರು. ಏಲಕ್ಕಿ ಹಾಕಿದ ಹಸಿರು ಚಹಾ, ಬಾದಾಮಿ, ಒಣದ್ರಾಕ್ಷಿ. ಆಮೇಲೆ ಅವರಿಬ್ಬರೂ ತಮ್ಮ ಭಾಷೆಯಲ್ಲಿ ಮಾತಿಗಿಳಿದರು. ನನಗೆ ಸಿಕ್ಕಿದ್ದು ಕಾಕಾ, ಮಹ್ರಮ್, ಫರೀಬಾ, ಇಷ್ಟೇ. ಮಾತು ನಿಂತಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಹಿರಿಯರ ಮನೆಗೆ ಬರಿಗೈಲಿ ಹೋಗಿ ನಮಗೆ ಅಭ್ಯಾಸವಿಲ್ಲ. ಹಿಂದಿನ ದಿನವೇ ಬೇಸನ್ ಉಂಡಿ ಕಟ್ಟಿದ್ದೆ. ಮಾತು ಮುಗಿಯಿತೆಂದುಕೊಂಡು, ಡಬ್ಬಿಯನ್ನು ಕಾಕಾನ ಕೈಯಲ್ಲಿಟ್ಟು, "ನಸೀಮಾ ಕಡೆಯಿಂದ ಸಿಹಿ" ಎಂದು ಹಿಂದಿಯಲ್ಲಿ ಹೇಳಿದೆ.

ಕಾಕಾನ ಮುಖ ಅರಳಿತು. "ಮುಬಾರಕ್" ಎಂದರು. ಅವರ ಹೆಂಡತಿ ಅಡಿಗೆಮನೆಯಿಂದ ಬಂದು ನಸೀಮಾಳ ಹಣೆಗೆ ಮುತ್ತಿಟ್ಟರು. ನಸೀಮಾ ಕದಲದೆ ಕೂತಿದ್ದಳು. ಆಮೇಲೆ ಎದ್ದು, ಕಾಕಾನ ಕೈಯಿಂದ ಡಬ್ಬಿ ತೆಗೆದುಕೊಂಡು, ಏನೋ ಎರಡು ಮಾತು ಹೇಳಿ ಹೊರಗೆ ಬಂದಳು. ಹಿಂದೆಯೇ ನಾನೂ ಬಂದೆ.

ಹೆದ್ದಾರಿ ಸೇರಿದ ಮೇಲೆ ಹೇಳಿದಳು. "ಆ ಹುಡುಗ ಜಮೀಲಾಗೆ ಮಹ್ರಮ್ ಅಲ್ಲ, ಚೆಕ್‌ಪೋಸ್ಟಿನಲ್ಲಿ ಸಿಕ್ಕರೆ ಅವನಿಗೂ ಏಟು ಅಂದರು. ಫರೀಬಾನ ಅವನಿಗೆ ಕೊಟ್ಟರೆ ಅಳಿಯ ಆಗುತ್ತಾನೆ. ಅಳಿಯ ಅತ್ತೆಗೆ ಮಹ್ರಮ್. ಮಾರನೇ ದಿನವೇ ಕಾಬೂಲಿಗೆ ಹೊರಡಬಹುದಂತೆ."

"ಹುಡುಗ ಅಂದರೆ ಎಷ್ಟು ವಯಸ್ಸು?"

"ನಲವತ್ತು. ಹೆಂಡತಿ ಇದ್ದಾಳೆ. ಹೀಗೆ ಮಾಡಬಹುದೇ ಎಂದು ಕೇಳಿದೆ. ನಿಯಮ ನಾನು ಮಾಡಿದ್ದಲ್ಲ ಮಗಳೇ ಅಂದರು."

"ಮತ್ತೆ ಮುಬಾರಕ್ ಯಾಕೆ?"

"ನಮ್ಮಲ್ಲಿ ಹೆಣ್ಣಿನ ಕಡೆಯವರು ಸಿಹಿ ಕೊಟ್ಟರೆ ಹೆಣ್ಣು ಕೊಟ್ಟ ಹಾಗೆ."

"ನನಗೆ ಗೊತ್ತಿರಲಿಲ್ಲ ನಸೀಮಾ."

"ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತಲ್ಲ. ಆದರೂ ಒಂದು ಗಳಿಗೆ ಸುಮ್ಮನೆ ಕೂತೆ. ಅಕ್ಕ ಬದುಕುತ್ತಾಳೆ ಅನಿಸಿತು."

ವರ್ಜೀನಿಯಾ ಗಡಿ ದಾಟಿ ಪೆಟ್ರೋಲಿಗೆ ನಿಲ್ಲಿಸಿದಾಗ ಅವಳು ಅಕ್ಕನಿಗೆ ಫೋನ್ ಹಚ್ಚಿದಳು. ಅಲ್ಲಿ ಆಗಲೇ ಕತ್ತಲಾಗಿತ್ತು. ನಡೆದದ್ದನ್ನೆಲ್ಲ ಹೇಳಿದಳೆಂದು ದನಿಯಿಂದಲೇ ತಿಳಿಯಿತು.

"ಡಬ್ಬಿ ವಾಪಸ್ ತಂದು ಒಳ್ಳೇದು ಮಾಡಿದೆ ಅಂತಾಳೆ" ಎಂದಳು ನಸೀಮಾ. "ಮಗಳಿಗೆ ಎಂದೂ ಹೇಳಬಾರದಂತೆ."

ಕಾರು ಹೊರಟಿತು. ಫೋನ್ ಇಡಲಿಲ್ಲ. ಈಗ ಎಲ್ಲಿದ್ದೀರಿ, ಏನೇನು ಕಾಣುತ್ತದೆ ಎಂದು ಜಮೀಲಾ ಕೇಳಿದಳಂತೆ. ನಸೀಮಾ ಕಿಟಕಿಯ ಕಡೆ ತಿರುಗಿ ಕಂಡದ್ದನ್ನೆಲ್ಲ ಹೇಳುತ್ತ ಬಂದಳು. ಮರ, ಲಾರಿ, ಚರ್ಚು, ಕೆಂಪಗಾದ ಎಲೆ ಇರಬೇಕು. ಊರಿನ ಹೆಸರುಗಳನ್ನು ಬಿಟ್ಟು ನನಗೆ ಬೇರೇನೂ ತಿಳಿಯಲಿಲ್ಲ. ರಿಚ್ಮಂಡಿನ ನದಿ ಬಂತು.

"ಸ್ವಲ್ಪ ನಿಧಾನ ಹೋಗಬೇಕಂತೆ" ಎಂದಳು ನಸೀಮಾ, ಫೋನನ್ನು ಕಿವಿಯಿಂದ ತೆಗೆಯದೆ. "ಸೇತುವೆ ಇಷ್ಟು ಬೇಗ ಮುಗಿಯಬಾರದಂತೆ."

ನಾನು ನಿಧಾನ ಹೋಗುವವರ ಬಲಗಡೆಯ ಲೇನಿಗೆ ಬಂದೆ.